ಹೊಸ ಕ್ಯಾಮೆರಾ ಹಳೆಯ ತಪ್ಪನ್ನು ತಿದ್ದದು

ಖಗೋಳ ಛಾಯಾಗ್ರಹಣದ ಹವ್ಯಾಸಿಗಳು ನಾಲ್ಕು ಜನ ಸೇರಿದ ಕಡೆ ಒಂದೇ ಬಗೆಯ ಸಲಹೆ ಕೇಳಿಬರುತ್ತದೆ. ಚಿತ್ರದಲ್ಲಿ ನಕ್ಷತ್ರಗಳು ದುಂಡಗಿಲ್ಲ, ಉದ್ದುದ್ದ ಎಳೆದುಕೊಂಡಿವೆ ಎಂದರೆ ‘ಮೌಂಟ್ ಬದಲಾಯಿಸಿ’ ಎನ್ನುತ್ತಾರೆ. ನೀಹಾರಿಕೆಯ ಮಬ್ಬು ಭಾಗ ಕಾಳುಕಾಳಾಗಿ ಕಾಣುತ್ತದೆ ಎಂದರೆ ‘ಕ್ಯಾಮೆರಾ ಹಳೆಯದಾಯಿತು, ಹೊಸದು ಬಂದಿದೆಯಲ್ಲ’ ಎನ್ನುತ್ತಾರೆ. ಮೂಲೆಗಳಲ್ಲಿ ನಕ್ಷತ್ರಗಳಿಗೆ ಬಾಲ ಬಂದಿದೆ ಎಂದರೆ ಟೆಲಿಸ್ಕೋಪನ್ನೇ ಮಾರಿ ಇನ್ನೂ ದುಬಾರಿಯದನ್ನು ಕೊಳ್ಳಲು ಹೇಳುತ್ತಾರೆ. ರೋಗ ಯಾವುದೆಂದು ಯಾರೂ ಕೇಳುವುದಿಲ್ಲ. ಮದ್ದು ಮಾತ್ರ ಎಲ್ಲಕ್ಕೂ ಒಂದೇ: ಅಪ್‌ಗ್ರೇಡ್.

ಈ ಸಲಹೆ ತಪ್ಪು. ದುಡ್ಡು ಉಳಿಸಬೇಕೆಂಬ ಕಾರಣಕ್ಕಷ್ಟೇ ಈ ಮಾತು ಹೇಳುತ್ತಿಲ್ಲ. ಕೈತುಂಬ ದುಡ್ಡಿರುವವರಿಗೂ ಇದು ತಪ್ಪು ಸಲಹೆಯೇ. ಆಕಾಶದ ಚಿತ್ರ ತೆಗೆಯುವುದೆಂದರೆ ಮುಖ್ಯವಾಗಿ ನಮ್ಮ ಉಪಕರಣದ ದೋಷಗಳನ್ನು ತಿಳಿದುಕೊಂಡು ಒಂದೊಂದಾಗಿ ಕಳೆಯುತ್ತ ಹೋಗುವ ಕೆಲಸ. ಆ ತಿಳಿವಳಿಕೆ ಬರುವುದು ಉಪಕರಣವನ್ನು ಬಿಚ್ಚಿ, ಒರೆಸಿ, ಗ್ರೀಸ್ ಹಾಕಿ, ಅಳೆದು, ಮತ್ತೆ ಜೋಡಿಸಿದವರಿಗೆ. ಎರಡು ವರ್ಷಕ್ಕೊಮ್ಮೆ ಎಲ್ಲವನ್ನೂ ಬದಲಿಸುವವರು ಆ ತಿಳಿವಳಿಕೆಯನ್ನೂ ಹಳೆಯ ಸಾಮಾನಿನ ಜೊತೆಗೇ ಮಾರಿಬಿಡುತ್ತಾರೆ. ದೋಷ ಮಾತ್ರ ಮಾರಾಟವಾಗದೆ ಅವರಲ್ಲೇ ಉಳಿಯುತ್ತದೆ.

ಮೊದಲು ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಪೀಠದ, ಅಂದರೆ ಮೌಂಟಿನ, ಮಾತು ತೆಗೆದುಕೊಳ್ಳೋಣ, ಏಕೆಂದರೆ ಹೆಚ್ಚಿನ ಆಪಾದನೆ ಬರುವುದು ಅದರ ಮೇಲೆ. ಭೂಮಿ ತಿರುಗುವುದರಿಂದ ಆಕಾಶ ನಮ್ಮ ಕಣ್ಣಿಗೆ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತದೆ. ಒಂದು ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3600ರಲ್ಲಿ ಒಂದು ಭಾಗ. ಐದು ನಿಮಿಷದ ಎಕ್ಸ್‌ಪೋಷರ್ ಉದ್ದಕ್ಕೂ ಮೌಂಟು ಈ ಸರಿಯುವಿಕೆಯನ್ನು ಹೆಚ್ಚುಕಡಿಮೆ ಒಂದು ಆರ್ಕ್‌ಸೆಕೆಂಡಿನೊಳಗೆ ಹಿಂಬಾಲಿಸಬೇಕು. ಇಷ್ಟು ಸೂಕ್ಷ್ಮವಾದ ಕೆಲಸ ಮಾಡುವುದು ಒಂದು ಹಲ್ಲಿನ ಚಕ್ರ ಮತ್ತು ಅದಕ್ಕೆ ಕಚ್ಚಿಕೊಂಡ ಸ್ಕ್ರೂವಿನಾಕಾರದ ವರ್ಮ್. ಚಕ್ರಕ್ಕೆ 180 ಹಲ್ಲುಗಳಿದ್ದರೆ ವರ್ಮ್ ಒಂದು ಸುತ್ತು ಬರಲು ಸುಮಾರು ಎಂಟು ನಿಮಿಷ ಹಿಡಿಯುತ್ತದೆ. ವರ್ಮಿನ ಮೈಯಲ್ಲಿ ಕೂದಲೆಳೆಯಷ್ಟು ಏರುಪೇರು ಇದ್ದರೂ ಎಂಟು ನಿಮಿಷಕ್ಕೊಮ್ಮೆ ಅದೇ ತಪ್ಪು ಮರುಕಳಿಸುತ್ತದೆ. ಗೈಡ್ ಕ್ಯಾಮೆರಾ ಒಂದು ನಕ್ಷತ್ರವನ್ನು ನೋಡುತ್ತ ಈ ತಪ್ಪನ್ನು ಆಗಿಂದಾಗ ತಿದ್ದುತ್ತದೆ. ತಿದ್ದುಪಡಿ ಸರಿಯಾಗಿ ತಲುಪಬೇಕಾದರೆ ಗೇರುಗಳ ನಡುವೆ ಸಡಿಲವಿರಬಾರದು, ಬಿಗಿತವೂ ಇರಬಾರದು. ಅದನ್ನು ಕಾಪಾಡುವುದು ಗ್ರೀಸು ಮತ್ತು ಎರಡು ಚಿಕ್ಕ ಸ್ಕ್ರೂಗಳು. ಕಂಪನಿಯ ಹೆಸರಿಗೂ ಬೆಲೆಗೂ ಅಲ್ಲಿ ಕೆಲಸವಿಲ್ಲ.

ಬೆಂಗಳೂರಿನ ಒಬ್ಬ ಹುಡುಗ, ಸಾಫ್ಟ್‌ವೇರ್ ಕೆಲಸದಲ್ಲಿರುವವನು, ತನ್ನ ಮೌಂಟನ್ನು ಮಾರಲು ತೀರ್ಮಾನಿಸಿ ನನ್ನ ಹತ್ತಿರ ಬಂದ. ‘ಸರ್, ಇದು ಹೋಯ್ತು. ಡೆಕ್ಲಿನೇಷನ್ ಕಡೆ ಗೈಡಿಂಗ್ ನಿಲ್ತಾನೇ ಇಲ್ಲ’ ಎಂದ, ಅಂದರೆ ಉತ್ತರ-ದಕ್ಷಿಣ ದಿಕ್ಕಿನಲ್ಲಿ. ಮಾರುವ ಮೊದಲು ಒಮ್ಮೆ ಬಿಚ್ಚಿ ನೋಡೋಣ ಎಂದೆ. ಮುಚ್ಚಳ ತೆಗೆದರೆ ಒಳಗಿನ ಗ್ರೀಸು ಕಪ್ಪಗೆ ಮೇಣದ ಹಾಗೆ ಗಟ್ಟಿಯಾಗಿತ್ತು, ಬೆರಳಲ್ಲಿ ಉಜ್ಜಿದರೆ ಲೋಹದ ಪುಡಿ ಹತ್ತುತ್ತಿತ್ತು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ವರ್ಮಿನ ಒಂದೊಂದು ಸುತ್ತನ್ನೂ ತಿಕ್ಕಿ, ಒಣಗಿಸಿ, ಲಿಥಿಯಂ ಗ್ರೀಸನ್ನು ತೆಳ್ಳಗೆ ಸವರಿದೆವು. ಆಮೇಲೆ ವರ್ಮನ್ನು ಚಕ್ರದತ್ತ ಒತ್ತುವ ಸ್ಕ್ರೂಗಳನ್ನು ಅಲೆನ್ ಕೀಯಿಂದ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಪ್ರತಿ ಸಲವೂ ಅಕ್ಷವನ್ನು ಕೈಯಲ್ಲಿ ಅಲುಗಿಸಿ ನೋಡಿದೆವು. ಮೊದಲು ‘ಟಕ್’ ಎನ್ನುತ್ತಿದ್ದದ್ದು ನಿಂತಿತು. ಇನ್ನೊಂದು ಚೂರು ಬಿಗಿ ಮಾಡಿದರೆ ಮೋಟಾರಿನ ಸದ್ದು ಭಾರವಾಗುತ್ತಿತ್ತು. ಆ ಎರಡರ ನಡುವೆ ನಿಲ್ಲಿಸಿದೆವು.

ಅಷ್ಟಾದರೂ ರಾತ್ರಿ ನಕ್ಷತ್ರ ಒಮ್ಮೊಮ್ಮೆ ಹಾರುತ್ತಿತ್ತು. ಟಾರ್ಚು ಹಿಡಿದು ನೋಡಿದರೆ ಕ್ಯಾಮೆರಾದಿಂದ ಇಳಿಬಿದ್ದ ಯುಎಸ್‌ಬಿ ಕೇಬಲ್ಲು ಟ್ರೈಪಾಡಿನ ತಿರುಪಿಗೆ ಸಿಕ್ಕಿಕೊಂಡು ಎಳೆಯುತ್ತಿತ್ತು. ಕೇಬಲ್ಲನ್ನು ಎತ್ತಿ ಮೌಂಟಿನ ಮೈಗೆ ಕಟ್ಟಿದೆವು. ಅದೇ ಮೌಂಟು, ಅದೇ ಕ್ಯಾಮೆರಾ, ನಕ್ಷತ್ರ ದುಂಡಗಾಯಿತು. ಆ ಹುಡುಗ ಇದರ ಎರಡು ಪಟ್ಟು ಬೆಲೆಯ ಮೌಂಟು ತಂದಿದ್ದರೂ ಆ ಕೇಬಲ್ಲು ಹಾಗೇ ಇಳಿಬಿದ್ದಿರುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆ ನಮ್ಮಲ್ಲಿದೆ. ನೆಲ ನಿಜವಾಗಿಯೂ ಡೊಂಕಿರಬಹುದು, ಆದರೆ ಅಳೆದು ನೋಡದೆ ಹಾಗೆ ಹೇಳುವ ಹಕ್ಕು ಯಾರಿಗೂ ಇಲ್ಲ.

ಈಗ ಹಾರ್ಮಾನಿಕ್ ಗೇರಿನ ಮೌಂಟುಗಳ ಕಾಲ. ಹಗುರವಾಗಿವೆ, ಬೆನ್ನಿನ ಚೀಲದಲ್ಲಿ ಹಿಡಿಸುತ್ತವೆ, ಹೆಚ್ಚಿನ ಸಂದರ್ಭದಲ್ಲಿ ಕೌಂಟರ್‌ವೇಟ್ ಬೇಡ. ಸೊಂಟ ನೋವಿರುವವರಿಗೆ, ಬೈಕಿನಲ್ಲಿ ಬೆಟ್ಟ ಹತ್ತುವವರಿಗೆ ಇದು ದೊಡ್ಡ ಅನುಕೂಲ, ಅದನ್ನು ಒಪ್ಪುತ್ತೇನೆ. ಆದರೆ ‘ಇದು ತಂದರೆ ಟ್ರ್ಯಾಕಿಂಗ್ ಸಮಸ್ಯೆಯೇ ಇರುವುದಿಲ್ಲ’ ಎಂಬ ಮಾತು ಸುಳ್ಳು. ಈ ಗೇರುಗಳ ಸಹಜ ಏರುಪೇರು ಒಂದು ಒಳ್ಳೆಯ ವರ್ಮ್ ಗೇರಿಗಿಂತ ಹೆಚ್ಚೇ ಇರುತ್ತದೆ. ಗೈಡಿಂಗ್ ಇಲ್ಲದೆ ದೀರ್ಘ ಎಕ್ಸ್‌ಪೋಷರಿಗೆ ಇವು ನಡೆಯುವುದಿಲ್ಲ. ಗೈಡಿಂಗ್ ಕಲಿಯದವನು ಹಳೆಯದರಲ್ಲಿ ಸೋತ ಹಾಗೆಯೇ ಇದರಲ್ಲೂ ಸೋಲುತ್ತಾನೆ.

ಕ್ಯಾಮೆರಾ ವಿಷಯದಲ್ಲಿ ಎದುರು ಪಕ್ಷದ ವಾದ ಇನ್ನೂ ಗಟ್ಟಿ, ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಬೇಕು. ಹವ್ಯಾಸಿಗಳ ಸಿಸಿಡಿ ಕ್ಯಾಮೆರಾಗಳಲ್ಲಿ ಒಂದು ಕಾಲಕ್ಕೆ ಬಹಳ ಹೆಸರು ಮಾಡಿದ್ದ ಕೊಡಕ್ ಕೆಎಎಫ್-8300 ಸೆನ್ಸರ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹೆಚ್ಚೆಂದರೆ ಅರ್ಧಕ್ಕಿಂತ ತುಸು ಜಾಸ್ತಿ ಹಿಡಿಯುತ್ತಿತ್ತು. ಇಂದಿನ ಒಳ್ಳೆಯ ಸಿಮಾಸ್ ಸೆನ್ಸರುಗಳು ಶೇಕಡಾ 80ಕ್ಕೂ ಹೆಚ್ಚು ಹಿಡಿಯುತ್ತವೆ. ಚಿತ್ರವನ್ನು ಓದಿ ಹೊರತೆಗೆಯುವಾಗ ಸೆನ್ಸರೇ ಸೇರಿಸುವ ಗದ್ದಲವೂ ಹಲವು ಪಟ್ಟು ಇಳಿದಿದೆ. ಸಿಸಿಡಿಯಿಂದ ಸಿಮಾಸಿಗೆ ಬಂದದ್ದು ನಿಜವಾದ ಜಿಗಿತ. ಆದರೆ ಆ ಜಿಗಿತ ಒಮ್ಮೆ ಆಗಿ ಮುಗಿದಿದೆ. ಈಗ ಮಾರುಕಟ್ಟೆಯಲ್ಲಿ ‘ಹೊಸ ತಲೆಮಾರು’ ಎಂದು ಬರುವವುಗಳಲ್ಲಿ ಹೆಚ್ಚಿನವು ಅದರ ಮೇಲಿನ ಸಣ್ಣಪುಟ್ಟ ಸುಧಾರಣೆಗಳು. ಆ ಒಂದು ಜಿಗಿತದ ಹೆಸರು ಹೇಳಿ ಪ್ರತಿ ವರ್ಷದ ಖರೀದಿಯನ್ನೂ ಸಮರ್ಥಿಸುವುದು ನ್ಯಾಯವಲ್ಲ.

ಲೆಕ್ಕ ಹಾಕಿ ನೋಡೋಣ. ನಿಮ್ಮ ಕ್ಯಾಮೆರಾ ಶೇಕಡಾ 60 ಬೆಳಕು ಹಿಡಿಯುತ್ತದೆ, ಕೊಳ್ಳಬೇಕೆಂದಿರುವುದು ಶೇಕಡಾ 80 ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಹಳೆಯದರಲ್ಲಿ ನಾಲ್ಕು ಗಂಟೆ ಬೇಕಾಗುವ ಚಿತ್ರ ಹೊಸದರಲ್ಲಿ ಮೂರು ಗಂಟೆಗೆ ಸಿಗುತ್ತದೆ. ಲಾಭ ಇಷ್ಟು. ಈಗ ಆಕಾಶದ ಲೆಕ್ಕ. ನಗರದ ಆಕಾಶ ಹಳ್ಳಿಯ ಆಕಾಶಕ್ಕಿಂತ ಮೂರು ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ) ಹೆಚ್ಚು ಬೆಳಗಿದ್ದರೆ, ಹಿನ್ನೆಲೆಯ ಬೆಳಕು ಸುಮಾರು 16 ಪಟ್ಟು ಹೆಚ್ಚು. ಮಸುಕಾದ ನೀಹಾರಿಕೆಯನ್ನು ಆ ಹಿನ್ನೆಲೆಯಿಂದ ಅಷ್ಟೇ ಸ್ಪಷ್ಟವಾಗಿ ಬಿಡಿಸಿ ತೆಗೆಯಲು ಸಮಯವೂ ಸುಮಾರು 16 ಪಟ್ಟು ಬೇಕು. ಊರಾಚೆ ಒಂದು ಗಂಟೆಯಲ್ಲಿ ಆಗುವುದು ಮಹಡಿಯ ಮೇಲೆ 16 ಗಂಟೆ ಕೇಳುತ್ತದೆ. ಅಲ್ಲದೆ ಹಿನ್ನೆಲೆ ಅಷ್ಟು ಬೆಳಗಿರುವಾಗ ಸೆನ್ಸರಿನ ಸ್ವಂತ ಗದ್ದಲ ಆ ಬೆಳಕಿನ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಬೆಂಗಳೂರಿನ ಬೀದಿದೀಪಗಳ ಕೆಳಗೆ ಕೂತು, ಗದ್ದಲ ಕಡಿಮೆ ಎಂಬ ಕಾರಣಕ್ಕೆ ಹೊಸ ಕ್ಯಾಮೆರಾ ಕೊಳ್ಳುವವನು ತಾನು ಕಾಣಲಾರದ ಲಾಭಕ್ಕೆ ದುಡ್ಡು ಕೊಡುತ್ತಿದ್ದಾನೆ. ಅದೇ ದುಡ್ಡು ಎಷ್ಟೋ ಅಮಾವಾಸ್ಯೆಗಳಿಗೆ ಪಾವಗಡದ ಕಡೆಗೋ ಚಿತ್ರದುರ್ಗದ ಕಡೆಗೋ ಹೋಗಿಬರುವ ಖರ್ಚಿಗೆ ಸಾಕು.

ಫೋಕಸಿನ ಲೆಕ್ಕವೂ ಹೀಗೆಯೇ. ಫೋಕಸರ್ ಸಡಿಲವಾಗಿ, ಅಥವಾ ರಾತ್ರಿ ತಣ್ಣಗಾಗುತ್ತ ಹೋದಂತೆ ಮತ್ತೆ ಫೋಕಸ್ ಮಾಡದೆ, ನಕ್ಷತ್ರದ ಅಗಲ 3 ಆರ್ಕ್‌ಸೆಕೆಂಡ್ ಇರಬೇಕಾದದ್ದು 4 ಆಯಿತು ಎನ್ನಿ. ಬೆಳಕು ಹರಡಿದ ಜಾಗ 9ರಿಂದ 16ಕ್ಕೆ ಏರಿತು. ಮಸುಕಾದ ನಕ್ಷತ್ರವೊಂದನ್ನು ಅಷ್ಟೇ ಸ್ಪಷ್ಟವಾಗಿ ಹಿಡಿಯಲು ಹೆಚ್ಚುಕಡಿಮೆ ಎರಡು ಪಟ್ಟು ಸಮಯ ಬೇಕಾಯಿತು. ಹೊಸ ಕ್ಯಾಮೆರಾ ಕೊಟ್ಟ ಲಾಭವನ್ನು ಒಂದು ಸಡಿಲ ಸ್ಕ್ರೂ ನುಂಗಿ, ಇನ್ನಷ್ಟು ಸಾಲ ಹೊರಿಸಿತು. ಹೀಗಿರುವಾಗ ಮೊದಲು ಸ್ಕ್ರೂ ಬಿಗಿ ಮಾಡಬೇಕೋ ಕ್ಯಾಮೆರಾ ಬದಲಿಸಬೇಕೋ ಎಂಬುದು ಅಭಿರುಚಿಯ ಪ್ರಶ್ನೆಯಲ್ಲ. ಗಣಿತ ಅದಕ್ಕೆ ಉತ್ತರ ಕೊಟ್ಟಾಗಿದೆ.

ಮೂಲೆಯ ನಕ್ಷತ್ರಗಳ ಬಾಲಕ್ಕೂ ಕಾರಣ ಸಾಮಾನ್ಯವಾಗಿ ಗಾಜಿನಲ್ಲಿರುವುದಿಲ್ಲ. ಚಿತ್ರದ ಅಂಚುಗಳನ್ನೂ ಚೂಪಾಗಿಸುವ ಫೀಲ್ಡ್ ಫ್ಲಾಟ್ನರ್ ಮಸೂರದಿಂದ ಸೆನ್ಸರಿಗೆ ಇರಬೇಕಾದ ದೂರ ಬಹಳಷ್ಟು ಮಾದರಿಗಳಲ್ಲಿ 55 ಮಿ.ಮೀ. ನಡುವೆ ಒಂದು ಫಿಲ್ಟರ್ ಹಾಕಿದರೆ ಅದರ ಗಾಜಿನ ದಪ್ಪದ ಮೂರನೇ ಒಂದರಷ್ಟು ದೂರವನ್ನು ಮತ್ತೆ ಸೇರಿಸಬೇಕು, 2 ಮಿ.ಮೀ. ಫಿಲ್ಟರಿಗೆ ಸುಮಾರು 0.7 ಮಿ.ಮೀ. ಅದನ್ನು ತುಂಬಲು ಬೇಕಾಗುವುದು ಒಂದು ತೆಳುವಾದ ಪ್ಲಾಸ್ಟಿಕ್ ಬಳೆ. ಒಂದೇ ಬದಿಯ ಮೂಲೆಗಳು ಕೆಟ್ಟಿದ್ದರೆ ಸೆನ್ಸರ್ ಓರೆಯಾಗಿದೆ, ಅಥವಾ ಕ್ಯಾಮೆರಾದ ಭಾರಕ್ಕೆ ಫೋಕಸರ್ ಬಾಗಿದೆ. ನ್ಯೂಟೋನಿಯನ್ ಆದರೆ ಎರಡು ಕನ್ನಡಿಗಳ ನೇರ ತಪ್ಪಿದೆ. ಕಾರಿನಲ್ಲಿ ಕುಲುಕಿಕೊಂಡು ಬಂದ ನ್ಯೂಟೋನಿಯನ್ನನ್ನು ಪ್ರತಿ ಸಲವೂ ಸರಿಹೊಂದಿಸಲೇಬೇಕು. ವರ್ನಿಯರ್ ಕ್ಯಾಲಿಪರ್ ಹಿಡಿದು ಅರ್ಧ ಗಂಟೆ ಕೂತರೆ ತಿಳಿಯುವ ಈ ವಿಷಯಗಳನ್ನು ತಿಳಿಯದೆ ಲೆನ್ಸು ಬದಲಿಸಿದವರ ಹೊಸ ಚಿತ್ರಗಳಲ್ಲೂ ಅದೇ ಬಾಲ ಇರುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ: ಬಿಚ್ಚುವುದು ಅಪಾಯ, ವಾರಂಟಿ ಹೋಗುತ್ತದೆ, ಗೊತ್ತಿಲ್ಲದವರು ಕೆಡಿಸುತ್ತಾರೆ. ಅಪಾಯ ಇರುವುದು ನಿಜ. ಅದಕ್ಕೇ ಪಾಲನೆ ಎಂದರೆ ಎಲ್ಲಿ ಕೈ ಹಾಕಬಾರದು ಎಂಬ ತಿಳಿವಳಿಕೆಯೂ ಹೌದು ಎನ್ನುತ್ತೇನೆ. ರಿಫ್ರ್ಯಾಕ್ಟರಿನ ಮುಂದಿನ ಲೆನ್ಸುಗಳನ್ನು ಮನೆಯಲ್ಲಿ ಬಿಡಿಸಬಾರದು. ಅವುಗಳ ಅಂತರ ಮತ್ತು ನೇರವನ್ನು ಮತ್ತೆ ಕೂರಿಸಲು ಅದರದೇ ಸಲಕರಣೆ ಬೇಕು. ಕನ್ನಡಿಯ ಮೇಲೆ ನಾಲ್ಕು ಧೂಳಿನ ಕಣ ಕಂಡವೆಂದು ಬಟ್ಟೆಯಿಂದ ಒರೆಸಬಾರದು. ಧೂಳು ತಡೆಯುವ ಬೆಳಕು ಅತ್ಯಲ್ಪ, ಒರೆಸಿದಾಗ ಬೀಳುವ ಗೀರು ಶಾಶ್ವತ. ಕನ್ನಡಿ ನಿಜವಾಗಿಯೂ ಕೊಳೆಯಾದಾಗ ಮೊದಲು ನೀರು ಹರಿಸಿ ಧೂಳು ಹೋಗಲು ಬಿಡಬೇಕು. ಆಮೇಲೆ ಪಾತ್ರೆ ತೊಳೆಯುವ ಮೆದು ದ್ರಾವಣದ ಒಂದೆರಡು ಹನಿ ಬೆರೆತ ನೀರಿನಲ್ಲಿ ಹತ್ತಿಯ ಉಂಡೆಯನ್ನು ಒತ್ತದೆ, ಅದರ ಭಾರಕ್ಕೇ ಎಳೆಯಬೇಕು. ಕೊನೆಗೆ ಡಿಸ್ಟಿಲ್ಡ್ ವಾಟರ್ ಸುರಿದು ಓರೆಯಾಗಿ ನಿಲ್ಲಿಸಿ ಒಣಗಿಸಬೇಕು. ಕ್ಯಾಮೆರಾದ ವಾರಂಟಿ ಇರುವವರೆಗೂ ಅದನ್ನು ಬಿಚ್ಚಬೇಡಿ. ಟ್ರೈಪಾಡಿನ ತಿರುಪು ಬಿಗಿಯಾಗಿದೆಯೇ, ಕೇಬಲ್ ಎಳೆಯುತ್ತಿದೆಯೇ, ಸಮತೋಲ ಸರಿಯಿದೆಯೇ, ಧ್ರುವಕ್ಕೆ ಸರಿಯಾಗಿ ಹೊಂದಿಸಿದ್ದೇನೆಯೇ ಎಂದು ನೋಡಲು ಯಾವ ವಾರಂಟಿಯೂ ಅಡ್ಡ ಬರುವುದಿಲ್ಲ. ಬಹುಪಾಲು ದೋಷ ಸಿಗುವುದು ಅಲ್ಲೇ.

ಎರಡನೆಯ ಆಕ್ಷೇಪ: ಸಮಯಕ್ಕೂ ಬೆಲೆಯಿದೆ, ವಾರವೆಲ್ಲ ದುಡಿಯುವವರು ರಜೆಯ ದಿನವನ್ನು ಗ್ರೀಸು ಹಚ್ಚುತ್ತ ಕಳೆಯಬೇಕೇ? ಈ ಪ್ರಶ್ನೆ ಕೇಳುವವರು ಹೊಸ ಉಪಕರಣ ತೆಗೆದುಕೊಳ್ಳುವ ಸಮಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಸ ಕ್ಯಾಮೆರಾ ಬಂದರೆ ಮುಚ್ಚಳ ಹಾಕಿ ತೆಗೆಯುವ ಡಾರ್ಕ್ ಚಿತ್ರಗಳ ಸಂಗ್ರಹವನ್ನು ಮೊದಲಿಂದ ಮಾಡಬೇಕು, ಗೇನ್ ಎಷ್ಟಿಡಬೇಕೆಂದು ಮತ್ತೆ ಹುಡುಕಬೇಕು, ಸೆನ್ಸರಿನ ಓರೆ ಮತ್ತೆ ತಿದ್ದಬೇಕು, ಅಡಾಪ್ಟರುಗಳ ದೂರ ಮತ್ತೆ ಹೊಂದಿಸಬೇಕು. ಹೊಸ ಮೌಂಟಿಗೆ ಗೈಡಿಂಗಿನ ಹೊಂದಾಣಿಕೆ ಮೊದಲಿಂದ ಕಲಿಯಬೇಕು. ನಮ್ಮಲ್ಲಿ ಮೋಡವಿಲ್ಲದ, ಚಂದ್ರನಿಲ್ಲದ ವಾರಾಂತ್ಯಗಳೇ ಕಡಿಮೆ. ಅಂಥ ಅಪರೂಪದ ರಾತ್ರಿಗಳನ್ನು ಹೊಸ ಪೆಟ್ಟಿಗೆಯ ಪರಿಚಯಕ್ಕೆ ಖರ್ಚು ಮಾಡುವುದೇ ನಿಜವಾದ ನಷ್ಟ. ಗ್ರೀಸು ಹಚ್ಚುವ ಕೆಲಸ ಮೋಡ ಕವಿದ ದಿನ ಮಾಡಬಹುದು.

ಮೋಡ ಕವಿದ ದಿನಗಳಿಗೆ ಕರ್ನಾಟಕದಲ್ಲಿ ಬರವಿಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಟೆಲಿಸ್ಕೋಪು ಹೊರಗೆ ಬರುವುದೇ ಅಪರೂಪ. ಈ ನಾಲ್ಕು ತಿಂಗಳಲ್ಲೇ ಉಪಕರಣ ಹಾಳಾಗುವುದೂ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ತೇವದ ಗಾಳಿಯಲ್ಲಿ ಮುಚ್ಚಿಟ್ಟ ಲೆನ್ಸಿನ ಮೇಲೆ ಬೂಷ್ಟು ಜೇಡರ ಬಲೆಯಂತೆ ಹಬ್ಬುತ್ತದೆ; ಬಿಟ್ಟರೆ ಲೇಪನವನ್ನೂ ಕೊನೆಗೆ ಗಾಜನ್ನೂ ತಿನ್ನುತ್ತದೆ. ಇದಕ್ಕೆ ಬೇಕಾಗಿರುವುದು ಗಾಳಿಯಾಡದ ಪೆಟ್ಟಿಗೆ, ಸಿಲಿಕಾ ಜೆಲ್, ಮತ್ತು ಆಗಾಗ ತೆರೆದು ನೋಡುವ ಅಭ್ಯಾಸ. ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ತೇವ ಹೀರಿ ಹಸಿರಾದಾಗ ಓವನ್ನಿನಲ್ಲಿ ಸಣ್ಣ ಶಾಖಕ್ಕಿಟ್ಟು ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ತಂಪು ಮಾಡುವ ಕ್ಯಾಮೆರಾದೊಳಗಿನ ತೇವ ಹೀರುವ ಬಿಲ್ಲೆಗಳನ್ನೂ ಹೀಗೆಯೇ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಸೆನ್ಸರಿನ ಮುಂದೆ ಹಿಮದ ಪೊರೆ ಕಟ್ಟಿ ಚಿತ್ರ ಮಂಕಾಗುತ್ತದೆ. ಎಷ್ಟೋ ಜನ ‘ಸೆನ್ಸರ್ ಹೋಯಿತು’ ಎಂದು ಕ್ಯಾಮೆರಾ ಮಾರುವುದು ಇಂಥ ಪೊರೆಯನ್ನು ನೋಡಿ. ದುಬಾರಿ ಉಪಕರಣ ತಂದರೆ ಮಳೆಗಾಲ ಅದರ ಬೆಲೆ ಕೇಳಿ ಬೂಷ್ಟನ್ನು ತಡೆಹಿಡಿಯುವುದಿಲ್ಲ.

ಮಳೆಗಾಲ ಮುಗಿದು ಆಕಾಶ ತೆರೆದುಕೊಳ್ಳುವ ಹೊತ್ತಿಗೆ ನಮ್ಮಲ್ಲಿ ಆಯುಧಪೂಜೆ ಬರುತ್ತದೆ. ಗ್ಯಾರೇಜಿನವರು ಸ್ಪ್ಯಾನರುಗಳನ್ನು ತೊಳೆದು ಎಣ್ಣೆ ಸವರುತ್ತಾರೆ, ನೇಕಾರರು ಮಗ್ಗ ಒರೆಸುತ್ತಾರೆ, ರೈತರು ನೇಗಿಲು ತೊಳೆಯುತ್ತಾರೆ. ಕೈಗೆ ಅನ್ನ ಕೊಡುವ ಸಾಮಾನನ್ನು ವರ್ಷಕ್ಕೊಮ್ಮೆಯಾದರೂ ಬಿಚ್ಚಿ ನೋಡಿ ಸರಿಮಾಡಿ ಇಡಬೇಕೆಂಬ ಶಿಸ್ತು ಆ ಹಬ್ಬದೊಳಗಿದೆ. ಟೆಲಿಸ್ಕೋಪಿಗೆ ಕುಂಕುಮ ಇಟ್ಟು ಫೋಟೊ ತೆಗೆಯುವ ನಾವು ಆ ಶಿಸ್ತಿನ ಮೊದಲರ್ಧವನ್ನೂ ಪಾಲಿಸಬೇಕು.

ಚರಿತ್ರೆ ಈ ವಾದದಲ್ಲಿ ಯಾರ ಪಕ್ಷ ಎಂದು ನೋಡಿ. 1883ರಲ್ಲಿ ಇಂಗ್ಲೆಂಡಿನ ಹವ್ಯಾಸಿ ಆಂಡ್ರ್ಯೂ ಕಾಮನ್ 36 ಇಂಚು ಕನ್ನಡಿಯ ದೂರದರ್ಶಕದಿಂದ ಒರಾಯನ್ ನೀಹಾರಿಕೆಯ ಪ್ರಸಿದ್ಧ ಚಿತ್ರ ತೆಗೆದ. ಆ ದೂರದರ್ಶಕವನ್ನು ಎಡ್ವರ್ಡ್ ಕ್ರಾಸ್ಲಿ ಕೊಂಡು, 1895ರಲ್ಲಿ ಅಮೆರಿಕದ ಲಿಕ್ ವೀಕ್ಷಣಾಲಯಕ್ಕೆ ದಾನ ಮಾಡಿದ. ಅಲ್ಲಿ ಅದು ಕೆಲಸಕ್ಕೆ ಬಾರದ್ದೆಂದು ಹೆಸರು ಪಡೆಯಿತು. ಪೀಠ ಅಲುಗಾಡುತ್ತಿತ್ತು, ಇಂಗ್ಲೆಂಡಿನ ಅಕ್ಷಾಂಶಕ್ಕೆ ಮಾಡಿದ್ದರಿಂದ ಕ್ಯಾಲಿಫೋರ್ನಿಯಾಕ್ಕೆ ಸರಿಹೊಂದುತ್ತಿರಲಿಲ್ಲ. ಅದೇ ಬೆಟ್ಟದ ಮೇಲೆ ಜಗತ್ತಿನ ಅತಿ ದೊಡ್ಡ ಮಸೂರ ದೂರದರ್ಶಕಗಳಲ್ಲೊಂದು ಇತ್ತು. 1898ರಲ್ಲಿ ನಿರ್ದೇಶಕನಾಗಿ ಬಂದ ಜೇಮ್ಸ್ ಕೀಲರ್ ದೊಡ್ಡದನ್ನು ಬಿಟ್ಟು, ಎಲ್ಲರೂ ಕೈಬಿಟ್ಟಿದ್ದ ಕ್ರಾಸ್ಲಿ ದೂರದರ್ಶಕವನ್ನು ತಾನೇ ವಹಿಸಿಕೊಂಡ. ಕಂಬ ತಗ್ಗಿಸಿದ, ಪೀಠ ಸರಿಪಡಿಸಿದ, ಚಾಲನೆಯ ದೋಷಗಳನ್ನು ಒಂದೊಂದಾಗಿ ಹಿಡಿದು ತಿದ್ದಿದ. 1900ರಲ್ಲಿ ತೀರಿಕೊಳ್ಳುವ ಮೊದಲು ಅವನು ಅದರಿಂದ ತೆಗೆದ ಚಿತ್ರಗಳು ಸುರುಳಿ ನೀಹಾರಿಕೆಗಳು ಆಕಾಶದ ತುಂಬ ಇವೆ ಎಂದು ತೋರಿಸಿದವು. ಆ ದೂರದರ್ಶಕಕ್ಕೆ ಎಟುಕುವ ನೀಹಾರಿಕೆಗಳು 1,20,000 ಇರಬಹುದು ಎಂದು ಅಂದಾಜು ಮಾಡಿದ. ಅವನ ನಂತರ ಅದನ್ನು ವಹಿಸಿಕೊಂಡ ಚಾರ್ಲ್ಸ್ ಪೆರೀನ್ ಕಾಲದಲ್ಲಿ ಪೀಠವನ್ನು ಹೊಸದಾಗಿ ಕಟ್ಟಿದರು. ಹಳೆಯ ಪೀಠದಿಂದ ಹಿಂಡಬಹುದಾದಷ್ಟನ್ನು ಕೀಲರ್ ಹಿಂಡಿದ ಮೇಲೆ ಆದ ಬದಲಾವಣೆ ಅದು. ಸರಿಯಾದ ಕ್ರಮ ಇದೇ.

ಅಕ್ಷಾಂಶದ ವಿಷಯದಲ್ಲಿ ಕೀಲರನ ಕಷ್ಟ ನಮಗೂ ಇದೆ. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 13 ಡಿಗ್ರಿ ಮಾತ್ರ ಮೇಲಿದೆ. ಮಾರುಕಟ್ಟೆಯ ಹೆಚ್ಚಿನ ಮೌಂಟುಗಳು ಯುರೋಪು, ಅಮೆರಿಕದ ಅಕ್ಷಾಂಶಗಳಲ್ಲಿ ಆರಾಮವಾಗಿ ಕೂರುವಂಥವು. ಇಲ್ಲಿ ಅವುಗಳ ಎತ್ತರದ ತಿರುಪು ಕೊನೆಯ ಅಂಚಿಗೆ ಬಂದಿರುತ್ತದೆ, ಕೆಲವದರ ಕೌಂಟರ್‌ವೇಟ್ ದಂಡ ಟ್ರೈಪಾಡಿನ ಕಾಲಿಗೆ ತಾಗುತ್ತದೆ. ಹೊಸ ಮಾದರಿ ತಂದರೂ ಈ ಊರು ಇದ್ದಲ್ಲೇ ಇರುತ್ತದೆ. ಮೌಂಟಿನ ತಳಕ್ಕೆ ಸ್ಥಳೀಯ ವರ್ಕ್‌ಶಾಪಿನಲ್ಲಿ ಒಂದು ಎತ್ತರದ ಕಂಬವೋ ಕಬ್ಬಿಣದ ತುಂಡೋ ಮಾಡಿಸಿ ಹಾಕುವುದು ಇದಕ್ಕೆ ಪರಿಹಾರ. ಉಪಕರಣವನ್ನು ನೆಲಕ್ಕೆ ಒಗ್ಗಿಸುವ ಕೆಲಸವನ್ನು ಪೆಟ್ಟಿಗೆಯಲ್ಲಿ ಹಾಕಿ ಯಾರೂ ಮಾರುವುದಿಲ್ಲ.

ನಮ್ಮ ಪಕ್ಕದಲ್ಲೇ ಇನ್ನೂ ದೊಡ್ಡ ಸಾಕ್ಷಿಗಳಿವೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ಕೊಡೈಕನಾಲ್ ಸೌರ ವೀಕ್ಷಣಾಲಯ 1904ರಿಂದ ಸೂರ್ಯನ ಚಿತ್ರ ತೆಗೆಯುತ್ತ ಬಂದಿದೆ. ಆ ಸಂಗ್ರಹವನ್ನು ಇಂದು ವಿಜ್ಞಾನಿಗಳು ಬೆಲೆ ಕಟ್ಟಲಾಗದ್ದೆಂದು ಕಾಣುವುದು ಹತ್ತಾರು ಸೌರಚಕ್ರಗಳ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಬಗೆಯ ಉಪಕರಣದಿಂದ, ಒಂದೇ ಕ್ರಮದಲ್ಲಿ ಅದು ಬೆಳೆದಿರುವುದರಿಂದ. ಐದು ವರ್ಷಕ್ಕೊಮ್ಮೆ ಎಲ್ಲ ಬದಲಿಸಿದ್ದರೆ ಸೂರ್ಯ ಬದಲಾದನೋ ಉಪಕರಣ ಬದಲಾಯಿತೋ ಎಂದು ಹೇಳುವುದೇ ಕಷ್ಟವಾಗುತ್ತಿತ್ತು. ಅದೇ ಸಂಸ್ಥೆಯ ಕಾವಲೂರು ವೀಕ್ಷಣಾಲಯದಲ್ಲಿ 1972ರಲ್ಲಿ ಬಂದ 1 ಮೀಟರ್ ಜ಼ೈಸ್ ದೂರದರ್ಶಕ, 1977ರಲ್ಲಿ ಯುರೇನಸ್ಸಿನ ಉಂಗುರಗಳ ಸುಳಿವು ಹಿಡಿದ ವೀಕ್ಷಣೆಗಳಲ್ಲಿ ಪಾಲುಗೊಂಡಿತ್ತು. ಐವತ್ತು ವರ್ಷ ತುಂಬಿದಾಗಲೂ ಕೆಲಸದಲ್ಲೇ ಇತ್ತು. ದೂರದ ಅಮೆರಿಕದಲ್ಲೂ ಹೀಗೆಯೇ. ಪಾಲೊಮಾರ್ ಬೆಟ್ಟದ 48 ಇಂಚಿನ ಶ್ಮಿಟ್ ದೂರದರ್ಶಕ 1948ರದ್ದು. ಗಾಜಿನ ಫಲಕಗಳ ಮೇಲೆ ಉತ್ತರ ಆಕಾಶವನ್ನೆಲ್ಲ ಚಿತ್ರಿಸಿದ ಅದಕ್ಕೆ 2018ರಿಂದ ದೊಡ್ಡ ಡಿಜಿಟಲ್ ಕ್ಯಾಮೆರಾ ಹಾಕಿ, ಸ್ಫೋಟಿಸುವ ನಕ್ಷತ್ರಗಳನ್ನು ಹುಡುಕುತ್ತಿದ್ದಾರೆ. ಕ್ಯಾಮೆರಾ ಹೊಸದು, ನಿಜ. ಆದರೆ ಎಪ್ಪತ್ತು ವರ್ಷ ಆ ದೂರದರ್ಶಕವನ್ನು ಚೆನ್ನಾಗಿ ನೋಡಿಕೊಂಡಿರದಿದ್ದರೆ ಆ ಹೊಸ ಕ್ಯಾಮೆರಾ ಹಾಕಲು ಏನೂ ಉಳಿದಿರುತ್ತಿರಲಿಲ್ಲ.

ಹವ್ಯಾಸಿಗಳ ಕಡೆಗೆ ಬಂದರೆ, 2022ರಲ್ಲಿ ಆಂಡ್ರೊಮಿಡಾ ಗೆಲಾಕ್ಸಿಯ ಪಕ್ಕದಲ್ಲಿ ಆಮ್ಲಜನಕದ ಮಂದ ಬೆಳಕಿನ ದೊಡ್ಡ ಕಮಾನೊಂದನ್ನು ಝೇವಿಯರ್ ಸ್ಟ್ರಾಟ್ನರ್, ಮಾರ್ಸೆಲ್ ಡ್ರೆಕ್ಸ್‌ಲರ್, ಯಾನ್ ಸೇಂಟಿ ಕಂಡುಹಿಡಿದರು. ಆಕಾಶದಲ್ಲಿ ಅತಿ ಹೆಚ್ಚು ಚಿತ್ರ ತೆಗೆಸಿಕೊಂಡ ಗೆಲಾಕ್ಸಿ ಅದು. ದೊಡ್ಡ ದೊಡ್ಡ ದೂರದರ್ಶಕಗಳು ನೋಡಿದ್ದವು. ಕಮಾನು ಸಿಕ್ಕಿದ್ದು 10.6 ಸೆಂ.ಮೀ. ವ್ಯಾಸದ ಒಂದು ದೂರದರ್ಶಕಕ್ಕೆ. ಅದರ ಕ್ಯಾಮೆರಾ ಈ ಕಾಲದ ಒಳ್ಳೆಯ ಕ್ಯಾಮೆರಾವೇ, ಅದನ್ನು ಮರೆಮಾಚುವುದಿಲ್ಲ. ಆದರೆ ಅಂಥ ಕ್ಯಾಮೆರಾ ಸಾವಿರಾರು ಜನರ ಬಳಿ ಇದೆ. ಅವರಿಗೆ ಸಿಗದೆ ಇವರಿಗೆ ಸಿಕ್ಕಿದ್ದಕ್ಕೆ ಕಾರಣ ಒಂದೇ ಗುರಿಯ ಮೇಲೆ ನೂರು ಗಂಟೆಗೂ ಹೆಚ್ಚು ಸೇರಿಸಿದ ಬೆಳಕು. ಅಷ್ಟು ರಾತ್ರಿಗಳ ಚಿತ್ರಗಳು ಒಂದರ ಮೇಲೊಂದು ಕೂರಬೇಕಾದರೆ ಉಪಕರಣ ಪ್ರತಿ ರಾತ್ರಿಯೂ ಒಂದೇ ಹದದಲ್ಲಿರಬೇಕು. ಆ ಹದವನ್ನು ಕೊಂಡು ತರಲಾಗದು.

ಅಪ್‌ಗ್ರೇಡ್ ಮಾತಿನಿಂದ ಆಗುವ ಅತಿ ದೊಡ್ಡ ಹಾನಿ ಹೊಸಬರಿಗೆ. ಹಾವೇರಿಯ ಅಥವಾ ರಾಯಚೂರಿನ ಕಾಲೇಜು ಹುಡುಗಿಯೊಬ್ಬಳು ಒಂದು ಒಳ್ಳೆಯ ಚಿತ್ರ ನೋಡಿ ಅದರ ಕೆಳಗಿನ ಉಪಕರಣಗಳ ಪಟ್ಟಿ ಓದುತ್ತಾಳೆ. ಆಮದು ಸುಂಕ, ತೆರಿಗೆ, ಸಾಗಣೆ ಸೇರಿ ಅದು ಲಕ್ಷಗಳಲ್ಲಿ ನಿಲ್ಲುತ್ತದೆ. ಇದು ನಮಗಲ್ಲ ಎಂದು ಅವಳು ಅಲ್ಲೇ ಕೈಬಿಡುತ್ತಾಳೆ. ಆ ಚಿತ್ರದ ಹಿಂದೆ ಎಷ್ಟು ಗಂಟೆಯ ಬೆಳಕಿದೆ, ಎಂಥ ಕತ್ತಲೆಯ ಊರಿದೆ, ಎಷ್ಟು ಸಲ ಜೋಡಿಸಿ ಬಿಚ್ಚಿದ ಕೆಲಸವಿದೆ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಅವಳ ಊರಿನ ಆಕಾಶ ಬೆಂಗಳೂರಿನ ಆಕಾಶಕ್ಕಿಂತ ಎಷ್ಟೋ ಪಟ್ಟು ಕತ್ತಲೆಯದು, ಅದೇ ಅವಳ ಬಳಿಯಿರುವ ಅತಿ ದೊಡ್ಡ ಉಪಕರಣ ಎಂದೂ ಹೇಳಲಿಲ್ಲ. ಅವಳ ಕಾಲೇಜಿನ ಬೀರುವಿನಲ್ಲೇ ಬೂಷ್ಟು ಹಿಡಿದ ಒಂದು ಟೆಲಿಸ್ಕೋಪು ಇರಬಹುದು. ಅದನ್ನು ತೆರೆದು ಸರಿಮಾಡುವುದು ಹೇಗೆಂದು ತಿಳಿದ ಒಬ್ಬರು ಜಿಲ್ಲೆಗೆ ಇದ್ದರೆ ಸಾಕು, ಹತ್ತು ಹೊಸ ಕ್ಯಾಮೆರಾಗಳು ಮಾಡದ ಕೆಲಸ ಆಗುತ್ತದೆ.

ಕೊಳ್ಳಲೇಬಾರದು ಎಂದು ನಾನು ಹೇಳುತ್ತಿಲ್ಲ. ಮೂರು ಪ್ರಶ್ನೆಗಳಿಗೆ ಉತ್ತರ ಕೊಟ್ಟವರು ನಿಶ್ಚಿಂತೆಯಿಂದ ಕೊಳ್ಳಲಿ. ಈಗಿರುವ ಉಪಕರಣದ ಮಿತಿ ಯಾವುದು ಎಂದು ಅಳೆದು ನೋಡಿದ್ದೀರಾ? ಆ ಮಿತಿ ಗ್ರೀಸು, ಸ್ಕ್ರೂ, ಕೇಬಲ್ಲು, ಫೋಕಸ್, ಆಕಾಶದ ಬೆಳಕು ಇವುಗಳಿಂದ ಬಂದದ್ದಲ್ಲ ಎಂದು ಖಚಿತವಾಗಿದೆಯಾ? ಹೊಸದು ಆ ಮಿತಿಯನ್ನು ಎಷ್ಟು ಸರಿಸುತ್ತದೆ ಎಂದು ಅಂಕಿಯಲ್ಲಿ ಹೇಳಬಲ್ಲಿರಾ? ಮೂರಕ್ಕೂ ಉತ್ತರವಿದ್ದರೆ ಅದು ಕೀಲರ್ ನಂತರದ ಪೀಠದಂಥ ಬದಲಾವಣೆ, ಅದಕ್ಕೆ ನನ್ನ ವಿರೋಧವಿಲ್ಲ. ಉತ್ತರವಿಲ್ಲದೆ ಕೊಂಡದ್ದು ಅಳೆಯದ ದೋಷವನ್ನು ಮುಚ್ಚಿಡುವ ದುಬಾರಿ ದಾರಿ.

ಅನುಭವಿಗಳಲ್ಲಿ ನನ್ನ ಬೇಡಿಕೆ ಒಂದೇ. ಹೊಸಬರೊಬ್ಬರು ಕೆಟ್ಟ ಚಿತ್ರ ತಂದು ‘ಏನು ಕೊಳ್ಳಲಿ?’ ಎಂದು ಕೇಳಿದಾಗ ತಕ್ಷಣ ಮಾದರಿಯ ಹೆಸರು ಹೇಳಬೇಡಿ. ಅವರ ಮೌಂಟಿನ ಮುಚ್ಚಳ ಬಿಚ್ಚಲು ಜೊತೆಗೆ ಕೂತುಕೊಳ್ಳಿ, ಗೈಡಿಂಗಿನ ಗೆರೆಯನ್ನು ಒಟ್ಟಿಗೆ ಓದಿ, ಅವರ ಜೊತೆ ಒಂದು ಅಮಾವಾಸ್ಯೆ ಊರಾಚೆ ಹೋಗಿಬನ್ನಿ. ಅದಾದ ಮೇಲೂ ಕೊಳ್ಳಬೇಕೆನಿಸಿದರೆ ಏನು ಕೊಳ್ಳಬೇಕೆಂದು ಅವರೇ ನಿಮಗೆ ಹೇಳುತ್ತಾರೆ.